ಸಾಸಿವೆಯ ಮಂಡಿಚಿಪ್ಪು

ಒಂದು ಕಾಡಿನಲ್ಲಿ, ಬಿದಿರುಮೆಳೆಗಳ ನಡುವೆ ಒಂದು ದೊಡ್ಡ ಬಂಡೆ ಇತ್ತು. ಆ ಬಂಡೆಯ ಮೇಲೆ ಸಾಸಿವೆ ಎಂಬ ಪುಟ್ಟ ನಾಯಿ ಕಾವಲು ಕೂರುತ್ತಿದ್ದಳು. ಪುಟ್ಟ ಎಂದರೆ ನಿಜಕ್ಕೂ ಪುಟ್ಟ. ಮೊಲದ ಪಕ್ಕ ನಿಂತರೆ ಮೊಲವೇ ದೊಡ್ಡದಾಗಿ ಕಾಣುತ್ತಿತ್ತು. ಆದರೆ ಅವಳ ಗಂಟಲು ಮಾತ್ರ ದೊಡ್ಡದು. ಗಾಳಿಯಲ್ಲಿ ಚಿರತೆಯ ವಾಸನೆ ಒಂಚೂರು ಸುಳಿದರೆ ಸಾಕು, ಅವಳು ಬೊಗಳುತ್ತಿದ್ದಳು. ಆ ದನಿ ಕೇಳಿದ ಕೂಡಲೇ ಮೊಲಗಳು ಬಿಲ ಸೇರುತ್ತಿದ್ದವು. ಜಿಂಕೆಗಳು ಬಯಲಿಗೆ ಓಡುತ್ತಿದ್ದವು. ಕಾಡುಹಂದಿ ಕರಿಯಕ್ಕ ತನ್ನ ನಾಲ್ಕು ಮರಿಗಳನ್ನು ಮೂತಿಯಿಂದ ತಿವಿದು ತಿವಿದು ಮುಳ್ಳುಪೊದೆಯೊಳಗೆ ತಳ್ಳುತ್ತಿದ್ದಳು. ಚಿರತೆ ಬಂದು, ಖಾಲಿ ಕಾಡನ್ನು ನೋಡಿ, ಬಾಲ ಬಡಿದು ಹೋಗುತ್ತಿತ್ತು.

ಬಂಡೆ ಹತ್ತಲು ಮೂರು ನೆಗೆತ ಬೇಕಿತ್ತು. ಇಳಿಯಲು ಒಂದೇ ನೆಗೆತ. ಸಾಸಿವೆ ದಿನಕ್ಕೆ ಎಷ್ಟು ಸಲ ಹತ್ತುತ್ತಿದ್ದಳೋ, ಎಷ್ಟು ಸಲ ಇಳಿಯುತ್ತಿದ್ದಳೋ, ಲೆಕ್ಕ ಇಟ್ಟವರಿಲ್ಲ.

ಒಂದು ದಿನ ಬೆಳಿಗ್ಗೆ ಅವಳು ಎಂದಿನಂತೆ ಬಂಡೆಯಿಂದ ನೆಗೆದಳು. ನೆಲ ಮುಟ್ಟಿದಾಗ ಎಡ ಹಿಂಗಾಲು ಮಡಿಚಿಕೊಂಡು ಹಾಗೇ ಮೇಲೆ ನಿಂತುಬಿಟ್ಟಿತು. ಕೆಳಗೆ ಬರಲೇ ಇಲ್ಲ. ಸಾಸಿವೆ ಮೂರು ಕಾಲಿನಲ್ಲಿ ನಾಲ್ಕು ಹೆಜ್ಜೆ ಕುಪ್ಪಳಿಸಿದಳು. ಆಮೇಲೆ ಆ ಕಾಲನ್ನು ಹಿಂದಕ್ಕೆ ಜೋರಾಗಿ ಝಾಡಿಸಿದಳು. ಒಳಗೆ ಏನೋ 'ಟಕ್' ಎಂದಿತು. ಕಾಲು ಸರಿಹೋಯಿತು. ನೋವೂ ಇರಲಿಲ್ಲ.

"ಏನಾಯ್ತೇ ಸಾಸಿವೆ?" ಎಂದಳು ಗೆಡ್ಡೆ ಅಗೆಯುತ್ತಿದ್ದ ಕರಿಯಕ್ಕ.

"ಏನಿಲ್ಲ ಅಕ್ಕ. ಮುಳ್ಳು."

ಮುಳ್ಳಲ್ಲ ಎಂದು ಸಾಸಿವೆಗೆ ಗೊತ್ತಿತ್ತು. ಅವಳ ಅಮ್ಮನೂ ಹೀಗೆಯೇ ನಡೆಯುತ್ತಿದ್ದಳು. ನಡೆಯುತ್ತಾ ನಡೆಯುತ್ತಾ ಎರಡು ಹೆಜ್ಜೆ ಕುಪ್ಪಳಿಸಿ, ಕಾಲು ಝಾಡಿಸಿ, ಏನೂ ಆಗದವಳ ಹಾಗೆ ಮುಂದೆ ಹೋಗುತ್ತಿದ್ದಳು. ಮರಿಯಾಗಿದ್ದಾಗ ಸಾಸಿವೆ ಅದನ್ನು ಆಟ ಎಂದುಕೊಂಡಿದ್ದಳು. ಅಮ್ಮ ಸತ್ತು ಎರಡು ಬೇಸಿಗೆ ಕಳೆದಿತ್ತು. ಈಗ ಕೇಳೋಣ ಎಂದರೆ ಕೇಳಲು ಯಾರೂ ಇರಲಿಲ್ಲ.

ಆಮೇಲೆ ಕಾಲು ಆಗಾಗ ಹಾಗೆ ಮಾಡತೊಡಗಿತು. ಮೊದಲು ವಾರಕ್ಕೊಮ್ಮೆ. ಆಮೇಲೆ ದಿನಕ್ಕೊಮ್ಮೆ. ಸಾಸಿವೆ ಯಾರಿಗೂ ಹೇಳಲಿಲ್ಲ. ಕಾವಲಿನವಳಿಗೆ ಕಾಲು ನೆಟ್ಟಗಿಲ್ಲ ಎಂದರೆ ಆ ಬಂಡೆಯ ಮೇಲೆ ಯಾರು ಕೂರಿಸುತ್ತಾರೆ? ಬಂಡೆ ಬಿಟ್ಟರೆ ಅವಳಿಗೆ ಬೇರೆ ಯಾವ ಜಾಗವೂ ಇರಲಿಲ್ಲ. ಯಾರೂ ನೋಡದಾಗ ಕಾಲು ಝಾಡಿಸಿಕೊಳ್ಳುತ್ತಿದ್ದಳು. ಯಾರಾದರೂ ನೋಡಿದರೆ ಕುಣಿದಂತೆ ನಟಿಸುತ್ತಿದ್ದಳು.

ಹೀಗಿರುವಾಗ ಒಂದು ಸಂಜೆ ಚಿರತೆ ಗಾಳಿಯ ಎದುರು ದಿಕ್ಕಿನಿಂದ ಬಂತು. ವಾಸನೆ ಬರುವಷ್ಟರಲ್ಲಿ ಅದು ಹತ್ತಿರವೇ ಇತ್ತು. ಕರಿಯಕ್ಕನ ಮರಿಗಳು ಬಯಲಿನಲ್ಲಿ ಆಡುತ್ತಿದ್ದವು. ಸಾಸಿವೆ ಬೊಗಳಿದಳು. ಮರಿಗಳು ಬೆಚ್ಚಿಬಿದ್ದು ನಿಂತಲ್ಲೇ ನಿಂತವು. ಅವಳು ಬಂಡೆಯ ತುದಿಯಿಂದ ನೆಗೆದು, ನೇರ ಅವುಗಳ ಕಡೆಗೆ ಓಡಿದಳು. ನೆಗೆದ ಕ್ಷಣದಲ್ಲೇ ಎಡಮಂಡಿ ಜಾರಿತ್ತು. ಝಾಡಿಸಲು ಹೊತ್ತಿರಲಿಲ್ಲ. ಮೂರು ಕಾಲಿನಲ್ಲಿ ಓಡಿ, ಮರಿಗಳ ಕಾಲು ಕಚ್ಚಿ, ಕೂಗಿ, ಪೊದೆಗೆ ಅಟ್ಟಿದಳು. ತಾನೂ ಹಿಂದೆಯೇ ಒಳಗೆ ಉರುಳಿದಳು. ಚಿರತೆಯ ಪಂಜ ಪೊದೆಯ ಮುಳ್ಳಿಗೆ ತಗಲಿತು. ಅದು ಗುರುಗುಟ್ಟುತ್ತಾ ಹೋಯಿತು.

ಪೊದೆಯಿಂದ ಹೊರಗೆ ಬಂದು ಸಾಸಿವೆ ಕಾಲು ಝಾಡಿಸಿದಳು. ಟಕ್ ಎನ್ನಲಿಲ್ಲ. ಮತ್ತೆ ಝಾಡಿಸಿದಳು. ಕಾಲು ಹೊಟ್ಟೆಗೆ ಅಂಟಿಕೊಂಡೇ ಇತ್ತು. ಈ ಸಲ ನೋವೂ ಬಂತು. ಅವಳು ಬಯಲಿನ ನಡುವೆ ಕೂತುಬಿಟ್ಟಳು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

ಕಾಡಿನವರು ಕೆಟ್ಟವರಲ್ಲ. ಮಾರನೆಯ ದಿನವೇ ಕರಿಯಕ್ಕ ಸಿಹಿಗೆಡ್ಡೆ ತಂದಿಟ್ಟಳು. ಮಿಂಚುಳ್ಳಿ ಹೊಳೆಯಿಂದ ಮೀನು ತಂದು ಹಾಕಿತು. ಮುಸುವ ಕೋತಿಗಳು ಜೇನುಹುಟ್ಟಿನ ಒಂದು ತುಂಡನ್ನೇ ಕಿತ್ತು ತಂದವು. "ನಮ್ಮ ಮಕ್ಕಳನ್ನು ಉಳಿಸಿದವಳು. ಅವಳು ಹಸಿದಿರಬಾರದು" ಎಂದರು ಎಲ್ಲರೂ.

ಆ ಮಾತನ್ನು ಮರದ ಮೇಲಿಂದ ಒಬ್ಬ ಕೇಳಿಸಿಕೊಂಡ. ಅವನು ಪುನುಗುಬೆಕ್ಕು. ಉದ್ದ ಬಾಲ, ಮೈಮೇಲೆ ಚುಕ್ಕೆ, ಬಾಯಿ ತೆರೆದರೆ ಬೆಲ್ಲ. ಎಲ್ಲರೂ ಅವನನ್ನು ಪುನುಗಣ್ಣ ಎನ್ನುತ್ತಿದ್ದರು. ಕೆಲಸ ಎಂದು ಅವನು ಯಾವತ್ತೂ ಏನೂ ಮಾಡಿದವನಲ್ಲ. ಅವತ್ತು ಮರ ಇಳಿದು ಬಂದು ಸಾಸಿವೆಯ ಮುಂದೆ ಕೂತ.

"ಅಯ್ಯೋ ತಂಗಿ, ಎಂಥಾ ಗತಿ ಬಂತು ನಿನಗೆ! ಒಬ್ಬಳೇ ಹೇಗಿರ್ತೀಯ? ನಾನಿದ್ದೀನಿ. ನೀನು ಕದಲಬೇಡ. ಎಲ್ಲಾ ನಾನು ನೋಡ್ಕೋತೀನಿ."

ಅಮ್ಮ ಹೋದ ಮೇಲೆ ಸಾಸಿವೆಗೆ ಯಾರೂ 'ನಾನಿದ್ದೀನಿ' ಎಂದಿರಲಿಲ್ಲ. ಅವಳ ಕಣ್ಣು ತುಂಬಿ ಬಂತು.

ಪುನುಗಣ್ಣ ಬಂಡೆಯ ಪಕ್ಕದ ನೇರಳೆಮರದ ಪೊಟರೆಯಲ್ಲಿ ಒಣಗಿದೆಲೆ ಹಾಸಿದ. ಅವಳನ್ನು ಒಳಗೆ ಮಲಗಿಸಿದ. ತಾನು ಬಾಗಿಲಿಗೆ ಕೂತ. ಅಂದಿನಿಂದ ಯಾರು ಏನು ತಂದರೂ ಅವನ ಕೈಗೇ ಕೊಡಬೇಕು. "ಅವಳು ಮಲಗಿದಾಳೆ. ಎಬ್ಬಿಸಬೇಡಿ. ನಾನು ತಿನ್ನಿಸ್ತೀನಿ" ಎನ್ನುತ್ತಿದ್ದ. ಮೀನಿನ ನಡುತುಂಡು ಅವನ ಹೊಟ್ಟೆಗೆ. ತಲೆ, ಬಾಲ ಸಾಸಿವೆಗೆ. ಆದರೆ ಜೇನು, ಗೆಡ್ಡೆ, ಬಲಿತ ಅತ್ತಿಹಣ್ಣು ಮಾತ್ರ ಅವಳಿಗೆ ಬೇಕಾದಷ್ಟು ಹಾಕುತ್ತಿದ್ದ. "ತಿನ್ನು ತಂಗಿ, ತಿಂದರೆ ಶಕ್ತಿ ಬರುತ್ತೆ." ಅವಳು ತಿನ್ನುತ್ತಿದ್ದಳು. ತಿಂದು ಮಲಗುತ್ತಿದ್ದಳು. ಎದ್ದು ನೋಡಿದರೆ ಮತ್ತೆ ಹಣ್ಣು.

ಹತ್ತು ದಿನಕ್ಕೆ ಕಾಲಿನ ಊತ ಇಳಿಯಿತು. ಸಾಸಿವೆ ಎದ್ದು ನಿಲ್ಲಲು ನೋಡಿದಳು.

"ಏ, ಏ! ಏನು ಮಾಡ್ತಿದೀಯ?" ಪುನುಗಣ್ಣ ಹೌಹಾರಿದ. "ಕಾಲು ಮುರಿದುಕೊಂಡು ಸಾಯ್ತೀಯಾ? ಮಲಗು."

ಅವಳು ಮಲಗಿದಳು.

ಇಪ್ಪತ್ತನೆಯ ದಿನ ಹೊಳೆಯ ಕಡೆಯಿಂದ ಒಬ್ಬ ಅಜ್ಜಿ ಬಂದಳು. ಅವಳು ನೀರುನಾಯಿ. ಮೀಸೆಯೆಲ್ಲ ನರೆತಿತ್ತು. ಎಲ್ಲರೂ ಅವಳನ್ನು ತೊರೆಯಜ್ಜಿ ಎಂದು ಕರೆಯುತ್ತಿದ್ದರು. ಕಾಡಿನಲ್ಲಿ ಯಾರ ಕಾಲು ಉಳುಕಲಿ, ಯಾರ ರೆಕ್ಕೆ ಮುರಿಯಲಿ, ಅವಳಿಗೆ ಹೇಳಿಕಳಿಸುತ್ತಿದ್ದರು. ಅವಳು ಬಂದದ್ದೇ ಪುನುಗಣ್ಣನನ್ನು ಮೂತಿಯಿಂದ ಪಕ್ಕಕ್ಕೆ ಸರಿಸಿ ಪೊಟರೆಯೊಳಗೆ ನುಗ್ಗಿದಳು.

"ಕಾಲು ಚಾಚು."

ಸಾಸಿವೆ ಚಾಚಿದಳು. ಅಜ್ಜಿ ತನ್ನ ಮೆತ್ತನೆಯ ಪಾದದಿಂದ ಮಂಡಿಯನ್ನು ಮುಟ್ಟಿದಳು. ಒಂದು ಕಡೆ ಒತ್ತಿದಳು. ಟಕ್ ಎಂದಿತು. ಬಿಟ್ಟಳು. ಮತ್ತೆ ಜಾರಿತು.

"ನೋಡು ಮಗಳೇ, ಇಲ್ಲಿ ಮಂಡಿಚಿಪ್ಪು ಅಂತ ಒಂದು ಸಣ್ಣ ಮೂಳೆ ಇದೆ. ಅದು ಒಂದು ಕಾಲುವೆಯಲ್ಲಿ ಮೇಲೆ ಕೆಳಗೆ ಓಡಾಡಬೇಕು. ನಿಮ್ಮಂಥಾ ಪುಟ್ಟ ನಾಯಿಗಳಿಗೆ ಎಷ್ಟೋ ಸಲ ಆ ಕಾಲುವೆ ಆಳ ಇರಲ್ಲ. ಚಿಪ್ಪು ಒಳಗಡೆಗೆ ಜಾರಿಬಿಡುತ್ತೆ. ನೀನು ಏನೋ ತಪ್ಪು ಮಾಡಿದ್ದಕ್ಕೆ ಬಂದಿದ್ದಲ್ಲ ಇದು. ಹುಟ್ಟುವಾಗಲೇ ಬಂದಿದ್ದು. ನಿಮ್ಮಮ್ಮನಿಗೂ ಇತ್ತು."

"ನಮ್ಮಮ್ಮ ನಿಮಗೆ ಗೊತ್ತಾ ಅಜ್ಜಿ?"

"ಗೊತ್ತಿಲ್ಲದೆ? ದಿನಾ ಬೆಳಿಗ್ಗೆ ಹೊಳೆಗೆ ಬರ್ತಿದ್ದಳಲ್ಲ. ಹೊಟ್ಟೆ ಮುಟ್ಟುವಷ್ಟು ನೀರಿನಲ್ಲಿ ನಡೆಯೋಳು. ಸ್ನಾನದ ಹುಚ್ಚು ಅಂದ್ಕೊಂಡಿದ್ಯಾ? ಕಾಲಿಗೋಸ್ಕರ ಬರ್ತಿದ್ದಳು. ನೀರಿನಲ್ಲಿ ಮೈಭಾರ ಕಾಲಿನ ಮೇಲೆ ಬೀಳಲ್ಲ. ನಡೆದೂ ನಡೆದೂ ತೊಡೆ ಗಟ್ಟಿಯಾಗುತ್ತೆ. ತೊಡೆಯ ಮಾಂಸ ಗಟ್ಟಿ ಇದ್ದರೆ ಅದೇ ಹಗ್ಗದ ಹಾಗೆ ಚಿಪ್ಪನ್ನು ಎಳೆದು ಹಿಡಿಯುತ್ತೆ."

"ಹಾಗಾದರೆ ಪೂರ್ತಿ ವಾಸಿಯಾಗುತ್ತಾ?"

ಅಜ್ಜಿ ಸುಳ್ಳು ಹೇಳಲಿಲ್ಲ. "ಇಲ್ಲ. ಪೂರ್ತಿ ಆಗಲ್ಲ. ಆದರೆ ಇದನ್ನು ಇಟ್ಟುಕೊಂಡೇ ಬಾಳಬಹುದು. ನಿಮ್ಮಮ್ಮ ಬಾಳಲಿಲ್ವಾ? ಮೂರು ಮಾತು ನೆನಪಿಡು. ಮೈ ಭಾರ ಆಗಬಾರದು. ನೆಗೆಯಬಾರದು, ಜಾರೋ ನೆಲದಲ್ಲಿ ಓಡಬಾರದು. ದಿನಾ ನಿಧಾನವಾಗಿ ನಡೀಬೇಕು. ಬಂಡೆ ಹತ್ತಬೇಕಾದರೆ ಹಿಂದಿನಿಂದ ಇಳಿಜಾರಿದೆ, ಸುತ್ತುಹಾಕಿ ಹತ್ತು. ನಾಳೆಯಿಂದ ಹೊಳೆಗೆ ಬಾ. ನಿನಗೆ ಬರೋಕಾಗದಿದ್ದರೆ ನಾನೇ ಬಂದು ಕರ್ಕೊಂಡು ಹೋಗ್ತೀನಿ." ಅಜ್ಜಿ ಎದ್ದು ನಿಂತು, ಪೊಟರೆಯ ಮೂಲೆಯಲ್ಲಿದ್ದ ಜೇನಿನ ತುಂಡನ್ನು ನೋಡಿ ಮುಖ ಸಿಂಡರಿಸಿದಳು. "ಇದನ್ನು ಮೊದಲು ನಿಲ್ಲಿಸು."

ಆ ದಿನ ಸಾಸಿವೆಗೆ ನಿದ್ದೆಯೇ ಬರಲಿಲ್ಲ. ನಾಳೆ ಆಗಲಿ, ನಾಳೆ ಆಗಲಿ ಎಂದು ಕಾದಳು.

ಮಾರನೆಯ ದಿನ ಅಜ್ಜಿ ಬಂದದ್ದು ನಿಜ. ಆದರೆ ಪುನುಗಣ್ಣ ಅವಳನ್ನು ದಾರಿಯಲ್ಲೇ ತಡೆದ. "ಅಜ್ಜಿ, ಹೇಗೆ ಹೇಳಲಿ? ತಂಗಿ ನಿಮ್ಮನ್ನು ನೋಡಲ್ಲ ಅಂತಿದ್ದಾಳೆ. ನಿನ್ನೆ ನೀವು ಮುಟ್ಟಿದಾಗಿಂದ ನೋವು ಜಾಸ್ತಿ ಆಯ್ತಂತೆ. ಆ ಮುದುಕಿ ಮತ್ತೆ ಬಂದರೆ ಕಚ್ಚಿಬಿಡ್ತೀನಿ ಅಂದಳು. ಚಿಕ್ಕವಳು, ಮನಸ್ಸಿಗೆ ಹಚ್ಕೋಬೇಡಿ."

ಅಜ್ಜಿ ಬಂದ ದಾರಿಯಲ್ಲೇ ತಿರುಗಿ ಹೋದಳು.

ಪುನುಗಣ್ಣ ಪೊಟರೆಗೆ ಬಂದು ತಲೆ ತಗ್ಗಿಸಿ ಕೂತ. "ತಂಗಿ, ಅಜ್ಜಿ ಬರಲ್ಲ. 'ಆ ಕಾಲು ಕೈಮೀರಿದ್ದು. ಅವಳ ಮುಂದೆ ಸಮಾಧಾನಕ್ಕೆ ಏನೋ ಹೇಳಿದೆ, ಅಷ್ಟೇ. ನನ್ನ ಹೊತ್ತು ಯಾಕೆ ಹಾಳು ಮಾಡಿಕೊಳ್ಳಲಿ' ಅಂದಳು."

ಸಾಸಿವೆ ಮುಖವನ್ನು ಎಲೆಯೊಳಗೆ ಹುದುಗಿಸಿಕೊಂಡಳು. ಸಂಜೆ ಪುನುಗಣ್ಣ ಜೇನು ತಂದಿಟ್ಟ. ಅವಳು ತಿಂದಳು.

ಹೀಗೆ ತಿಂಗಳುಗಳು ಹೋದವು. ಸಾಸಿವೆ ಪೊಟರೆಯ ಬಾಗಿಲಿಂದ ಕಾಣುವಷ್ಟು ಕಾಡನ್ನೇ ಕಾಡು ಎಂದುಕೊಂಡಳು. ಇರುವೆಗಳ ಸಾಲನ್ನು ನೋಡುತ್ತಿದ್ದಳು. ಅಷ್ಟು ಸಣ್ಣ ಕಾಲಿನಲ್ಲಿ ಅವು ಮರದ ತುದಿಗೆ ಹೋಗಿ ಬರುತ್ತಿದ್ದವು. ನೆಲಕ್ಕೆ ತಾಗದೆ ಅವಳ ಉಗುರು ಬೆಳೆದು ಸುರುಳಿ ಸುತ್ತಿಕೊಂಡಿತು. ತೊಡೆ ಬತ್ತಿ ಕಡ್ಡಿಯಂತಾಯಿತು. ಹೊಟ್ಟೆ ಮಾತ್ರ ಉರುಟಾಗಿ ಬೆಳೆಯಿತು.

ಒಂದು ದಿನ ಪುನುಗಣ್ಣ ಇಲ್ಲದಾಗ ಅವಳು ಹೊರಗೆ ಬರಲು ಪ್ರಯತ್ನಿಸಿದಳು. ಮುಂಗಾಲಿನಿಂದ ಮೈ ಎಳೆದಳು. ಬಲಗಾಲನ್ನು ಊರಿ ಏಳಲು ಹೋದಳು. ಇಷ್ಟು ದಿನ ಎಲ್ಲ ಭಾರವನ್ನೂ ಹೊತ್ತಿದ್ದ ಆ ಬಲಗಾಲಿನ ಚಿಪ್ಪೂ ಅವತ್ತು ಜಾರಿತು. ಅವಳು ಬಾಗಿಲಲ್ಲೇ ಮಗುಚಿಬಿದ್ದಳು. ಎರಡು ಹಿಂಗಾಲೂ ಇಲ್ಲ. ಸಾಸಿವೆ ಬೊಗಳಿದಳು. ಅದು ಚಿರತೆಗಾಗಿ ಬೊಗಳಿದ್ದಲ್ಲ. ತೊರೆಯಜ್ಜಿಗೆ ಕೇಳಲಿ ಎಂದು ಬೊಗಳಿದಳು. ಗಂಟಲು ಹರಿಯುವ ಹಾಗೆ ಬೊಗಳಿದಳು.

ಕಾಡೆಲ್ಲ ಬೆಚ್ಚಿ ಅಡಗಿತು. ಚಿರತೆ ಬರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಬಂಡೆಯ ಹತ್ತಿರ ಬಂದರು. ಅಷ್ಟರಲ್ಲಿ ಪುನುಗಣ್ಣ ಅಲ್ಲಿದ್ದ. ಸಾಸಿವೆಯನ್ನು ಒಳಗೆ ತಳ್ಳಿ ಬಾಗಿಲಿಗೆ ಅಡ್ಡ ನಿಂತಿದ್ದ.

"ಏನಾಯ್ತು ಪುನುಗಣ್ಣ?" ಕರಿಯಕ್ಕ ಕೇಳಿದಳು.

"ಏನು ಹೇಳಲಿ ಅಕ್ಕ? ನೋವು ತಲೆಗೆ ಹತ್ತಿದೆ. ಸುಮ್ಮಸುಮ್ಮನೆ ಬೊಗಳ್ತಾಳೆ. ಇನ್ಮೇಲೆ ಹೀಗೇ. ನೀವು ಕೇಳಿಸಿಕೊಂಡು ಓಡಿ ಬಂದರೆ ಅವಳಿಗೆ ಇನ್ನೂ ಜಾಸ್ತಿ ಆಗುತ್ತೆ. ಕಿವಿಗೆ ಹಾಕ್ಕೋಬೇಡಿ."

"ಹಾಗಾದರೆ ಚಿರತೆ ಬಂದರೆ?"

"ನಾನಿದ್ದೀನಲ್ಲ! ಬಂಡೆ ಮೇಲೆ ನಾನು ಕೂತ್ಕೋತೀನಿ. ನನ್ನ ಕೂಗು ಕೇಳಿದರೆ ಮಾತ್ರ ಓಡಿ. ಪಾಪ, ಅವಳನ್ನೂ ನೋಡ್ಕೋಬೇಕು, ಕಾವಲೂ ಕಾಯ್ಬೇಕು. ಮಿಂಚುಳ್ಳಿಗೆ ಹೇಳಿ, ನಾಳೆಯಿಂದ ಎರಡು ಮೀನು ತರಲಿ."

ಈ ಮಾತೆಲ್ಲ ಪೊಟರೆಯೊಳಗಿದ್ದ ಸಾಸಿವೆಗೆ ಕೇಳಿಸಿತು. ಒಂದಕ್ಷರವೂ ಬಿಡದೆ ಕೇಳಿಸಿತು. ತನಗೆ ತಲೆ ಕೆಟ್ಟಿಲ್ಲ ಎಂದು ಕೂಗಿ ಹೇಳಬಹುದಿತ್ತು. ಕರಿಯಕ್ಕ ಹತ್ತು ಮಾರು ದೂರದಲ್ಲೇ ನಿಂತಿದ್ದಳು. ಆದರೆ ಸಾಸಿವೆಗೆ ಒಂದು ಭಯ ಬಂತು. ಈಗ ಎರಡು ಕಾಲೂ ಹೋಗಿದೆ. ಅಜ್ಜಿ ಕೈಬಿಟ್ಟಿದ್ದಾಳೆ. ಇವನೂ ಎದ್ದು ಹೋದರೆ? ನಾಳೆ ಮೀನು ಯಾರು ಕೊಡುತ್ತಾರೆ? ನೀರು ಯಾರು ತರುತ್ತಾರೆ? ಪೊಟರೆಯ ಬಾಗಿಲಲ್ಲಿ ಯಾರೂ ಇಲ್ಲದ ಒಂದು ದಿನವನ್ನು ಅವಳು ನೆನೆಸಿಕೊಂಡಳು. ಬಾಯಿ ಮುಚ್ಚಿಕೊಂಡಳು.

ಪುನುಗಣ್ಣ ಒಳಗೆ ಬಂದಾಗ ಅವಳು ಕೇಳಿದಳು. "ಅಣ್ಣ, ನಾನು ಹುಚ್ಚಿ ಅಂತ ಯಾಕೆ ಹೇಳಿದೆ?"

ಅವನು ನಕ್ಕ. "ನಿನ್ನ ಒಳ್ಳೇದಕ್ಕೇ ತಂಗಿ. ನಿನ್ನ ಕಾಲು ಸರಿಹೋಯ್ತು ಅಂತ ಇವರಿಗೆ ಅನ್ನಿಸಿದರೆ ನಾಳೆನೇ ಬಂಡೆ ಹತ್ತು ಅಂತಾರೆ. ಆಮೇಲೆ ಯಾರು ತಂದಾರು ನಮಗೆ ಇದೆಲ್ಲ?"

ನಮಗೆ ಎಂದ. ಆ ಒಂದು ಮಾತಿನಲ್ಲಿ ಸಾಸಿವೆಗೆ ಎಲ್ಲವೂ ತಿಳಿಯಿತು. ಅಜ್ಜಿ ಹಾಗೆ ಹೇಳಿರಲಿಕ್ಕಿಲ್ಲ ಎಂದೂ ತಿಳಿಯಿತು. ತಿಳಿದೂ ಅವಳು ಸುಮ್ಮನಿದ್ದಳು. ಅವನು ಮೀನಿನ ಬಾಲ ಹಾಕಿದ. ಅವಳು ತಿಂದಳು.

ಪುನುಗಣ್ಣ ದಿನವೂ ಬಂಡೆಯ ಮೇಲೆ ಹೋಗಿ ಬಿಸಿಲಿಗೆ ಮೈ ಚಾಚಿ ಮಲಗುತ್ತಿದ್ದ. ತಿಂದು ತಿಂದು ಅವನೂ ದಪ್ಪಗಾಗಿದ್ದ. ಕಾಡಿನವರು ಕೆಳಗಿನಿಂದ ನೋಡಿ, 'ಪಾಪ, ಎಷ್ಟು ಕಷ್ಟಪಡ್ತಾನೆ' ಎಂದುಕೊಳ್ಳುತ್ತಿದ್ದರು. ನಡುನಡುವೆ ನೋವು ಹೆಚ್ಚಾದಾಗ ಸಾಸಿವೆ ನರಳುತ್ತಿದ್ದಳು, ಕೆಲವು ಸಲ ಬೊಗಳಿಯೂಬಿಡುತ್ತಿದ್ದಳು. ಮೊದಮೊದಲು ಮೊಲಗಳ ಕಿವಿ ನಿಗುರುತ್ತಿತ್ತು. ಆಮೇಲೆ ಅದೂ ನಿಂತಿತು. ಅವಳ ದನಿ ಎಲೆ ಉದುರುವ ಸದ್ದಿನ ಹಾಗೆ ಕಾಡಿಗೆ ರೂಢಿಯಾಗಿಹೋಯಿತು.

ಒಂದು ಬೆಳಿಗ್ಗೆ, ಬಿಸಿಲು ಇನ್ನೂ ಎಳೆಯದಾಗಿದ್ದಾಗ, ಪೊಟರೆಯೊಳಗೆ ಆ ವಾಸನೆ ಬಂತು.

ಸಾಸಿವೆಯ ಬೆನ್ನಿನ ಕೂದಲು ನಿಂತಿತು. ಮತ್ತೊಮ್ಮೆ ಮೂಸಿದಳು. ಒಂದಲ್ಲ, ಎರಡು. ತಾಯಿ ಚಿರತೆ, ಜೊತೆಗೆ ಅದರ ಬೆಳೆದ ಮರಿ. ಅವಳು ಮುಂಗಾಲಿನಿಂದ ತನ್ನನ್ನು ಬಾಗಿಲಿಗೆ ಎಳೆದುಕೊಂಡಳು. ಬೊಗಳಿದಳು.

ಬಯಲಿನಲ್ಲಿ ಕರಿಯಕ್ಕ ಗೆಡ್ಡೆ ಅಗೆಯುತ್ತಿದ್ದಳು. ನಾಲ್ಕು ಮರಿಗಳೂ ಸುತ್ತ ಇದ್ದವು. ಅವಳು ತಲೆ ಎತ್ತಲಿಲ್ಲ.

"ಕರಿಯಕ್ಕಾ! ಚಿರತೆ! ನಿಜವಾಗಲೂ ಚಿರತೆ!"

ಅಷ್ಟು ದೂರಕ್ಕೆ ಮಾತು ಕೇಳಲಿಲ್ಲ. ಬರೀ ಬೊಗಳು ಕೇಳಿತು. ಸಾಸಿವೆ ಬೊಗಳಿದಳು, ಬೊಗಳಿದಳು. ಬಾಯಿಯ ತುದಿಯಲ್ಲಿ ನೊರೆ ಬಂತು. ಓಡಲು ಕಾಲಿಲ್ಲ. ಹಿಂದೊಮ್ಮೆ ಇದೇ ಬಯಲಿನಲ್ಲಿ ಮೂರು ಕಾಲಿನಲ್ಲಿ ಓಡಿದ್ದಳು. ಈಗ ಮೈ ಬಾಗಿಲಿನಿಂದಾಚೆ ಒಂದು ಗೇಣೂ ಜರುಗಲಿಲ್ಲ.

ಬಂಡೆಯ ಮೇಲೆ ಪುನುಗಣ್ಣನಿಗೂ ಆ ಬೊಗಳು ಕೇಳಿಸಿತು. ಅವನು ಒಂದು ಕಣ್ಣು ತೆರೆದ. "ಶುರುವಾಯ್ತು ಇವಳದು" ಎಂದು ಗೊಣಗಿದ. ಮಗ್ಗುಲು ಬದಲಿಸಿ ಮತ್ತೆ ಕಣ್ಣು ಮುಚ್ಚಿದ. ಅವನು ಇನ್ನೊಮ್ಮೆ ಕಣ್ಣು ತೆರೆದಾಗ ಬಂಡೆಯ ಹಿಂದಿನ ಇಳಿಜಾರಿನಿಂದ ತಾಯಿ ಚಿರತೆ ಹತ್ತಿ ಬಂದಿತ್ತು. ನೇರಳೆಮರ ಪಕ್ಕದಲ್ಲೇ ಇತ್ತು. ಹಿಂದಿನ ಪುನುಗಣ್ಣನಾಗಿದ್ದರೆ ಒಂದೇ ನೆಗೆತಕ್ಕೆ ಕೊಂಬೆ ಹಿಡಿಯುತ್ತಿದ್ದ. ಈಗಲೂ ಹಾರಿದ. ಕೊಂಬೆಯ ತನಕ ಮೈ ಹೋಗಲಿಲ್ಲ. ಬಂಡೆಯ ಅಂಚಿಗೆ ಹೊಟ್ಟೆ ಬಡಿದು ಕೆಳಗೆ ಬಿದ್ದ. ಕೂಗಲು ಬಾಯಿ ತೆರೆದ. ಕೂಗು ಅರ್ಧಕ್ಕೇ ನಿಂತಿತು.

ಆ ಅರ್ಧ ಕೂಗಿಗೆ ಕರಿಯಕ್ಕ ತಲೆ ಎತ್ತಿದಳು. ಅಷ್ಟರಲ್ಲಿ ಮರಿ ಚಿರತೆ ಬಯಲಿಗೆ ಬಂದಾಗಿತ್ತು. ಅವಳು ಮೂರು ಮರಿಗಳನ್ನು ಪೊದೆಗೆ ತಳ್ಳಿದಳು. ನಾಲ್ಕನೆಯದು, ಎಲ್ಲರಿಗಿಂತ ಸಣ್ಣದು, ಯಾವಾಗಲೂ ಹಿಂದೆ ಉಳಿಯುವಂಥದ್ದು, ಹಿಂದೆ ಉಳಿದಿತ್ತು.

ಸಾಸಿವೆ ಎಲ್ಲವನ್ನೂ ನೋಡಿದಳು. ಕಣ್ಣು ಮುಚ್ಚಿಕೊಳ್ಳಬಹುದಿತ್ತು. ಮುಚ್ಚಿಕೊಳ್ಳಲಿಲ್ಲ.

ಅಂದಿನಿಂದ ಪೊಟರೆಯ ಬಳಿಗೆ ಯಾರೂ ಬರಲಿಲ್ಲ. ಕಾಡಿನವರು ಅವಳ ಮೇಲೆ ಸಿಟ್ಟಾಗಿದ್ದರೋ, ತಮ್ಮ ಮೇಲೆ ಸಿಟ್ಟಾಗಿದ್ದರೋ, ಹೇಳಲಾಗದು. ಬಂಡೆಯ ಹತ್ತಿರ ಸುಳಿಯಲು ಎಲ್ಲರಿಗೂ ಹೆದರಿಕೆ. ಮಿಂಚುಳ್ಳಿ ತಲೆಯ ಮೇಲಿಂದ ಹಾರಿಹೋಯಿತು, ಮೀನು ಹಾಕಲಿಲ್ಲ. ಎರಡು ದಿನ ಸಾಸಿವೆ ಕಾದಳು. ತಾನು ಅಷ್ಟು ಹೆದರಿದ್ದ ದಿನ ಬಂದೇಬಿಟ್ಟಿತ್ತು. ಬಾಗಿಲಲ್ಲಿ ಯಾರೂ ಇರಲಿಲ್ಲ.

ಮೂರನೆಯ ದಿನ ಬಾಯಾರಿಕೆ ತಡೆಯಲಾಗಲಿಲ್ಲ. ಅವಳು ಹೊಳೆಯ ಕಡೆಗೆ ಹೊರಟಳು. ಹೊರಟಳು ಎನ್ನುವುದು ದೊಡ್ಡ ಮಾತು. ಮುಂಗಾಲು ಊರುವುದು, ಮೈ ಎಳೆಯುವುದು, ನಿಲ್ಲುವುದು. ಗಟ್ಟಿಮುಟ್ಟಾದವರಿಗೆ ಅದು ಎರಡು ಕೂಗಿನಷ್ಟು ದೂರ. ಬೆಳಿಗ್ಗೆ ಹೊರಟವಳು ಮರಳು ಮುಟ್ಟುವಾಗ ಸೂರ್ಯ ನೆತ್ತಿ ದಾಟಿದ್ದ. ಹೊಟ್ಟೆಯ ಚರ್ಮ ತರಚಿ ಕೆಂಪಗಾಗಿತ್ತು.

ನೀರಿನ ಅಂಚಿನಲ್ಲಿ ತೊರೆಯಜ್ಜಿ ಕೂತಿದ್ದಳು. ಅವಳು ಇನ್ನಷ್ಟು ಮುದುಕಿಯಾಗಿದ್ದಳು.

"ನನ್ನ ಮುಖ ನೋಡಲ್ಲ ಅಂದಿದ್ದೆಯಂತೆ" ಎಂದಳು ಅಜ್ಜಿ.

"ನನ್ನ ಕಾಲು ಕೈಮೀರಿದ್ದು ಅಂದಿದ್ದಿರಂತೆ" ಎಂದಳು ಸಾಸಿವೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮತ್ತೆ ಯಾರೂ ಏನನ್ನೂ ವಿವರಿಸಬೇಕಾಗಲಿಲ್ಲ.

ಅಜ್ಜಿ ಅವಳಿಗೆ ನೀರು ಕುಡಿಸಿದಳು. ಆಮೇಲೆ ಎಡಮಂಡಿಯನ್ನು ಮುಟ್ಟಿದಳು. ಒತ್ತಿದಳು. ತುಂಬ ಹೊತ್ತು ಒತ್ತಿದಳು. ಟಕ್ ಎನ್ನಲಿಲ್ಲ.

"ಇದು ಹೋಯಿತು ಮಗಳೇ" ಎಂದಳು. "ಚಿಪ್ಪು ಕಾಲುವೆಯ ಆಚೆಯೇ ಮನೆ ಮಾಡಿಕೊಂಡಿದೆ. ಮೂಳೆ ಸವೆದಿದೆ. ಕಾಲು ಮಡಿಸಿದ ಹಾಗೇ ಗಟ್ಟಿಯಾಗಿದೆ. ನಾನು ಮೊದಲ ಸಲ ನೋಡಿದಾಗಲೇ ನೀನು ನೀರಿಗೆ ಇಳಿದಿದ್ದರೆ..." ಅವಳು ಮಾತು ಅಲ್ಲಿಗೇ ನಿಲ್ಲಿಸಿದಳು. "ಬಲಗಾಲನ್ನು ಉಳಿಸಬಹುದೇನೋ. ಖಂಡಿತ ಅಂತ ಹೇಳಲ್ಲ. ನೋವಾಗುತ್ತೆ. ಹಸಿವೂ ಆಗುತ್ತೆ. ಈ ಮೈಭಾರ ಇಳಿಯುವ ತನಕ ನಾನು ಕೊಡುವಷ್ಟೇ ತಿನ್ನಬೇಕು."

"ನಾನು ಮತ್ತೆ ಬಂಡೆ ಹತ್ತುತ್ತೀನಾ ಅಜ್ಜಿ?"

"ಇಲ್ಲ."

ಅಜ್ಜಿ ಅವಳ ಕತ್ತಿನ ಚರ್ಮ ಹಿಡಿದು ನಿಧಾನವಾಗಿ ನೀರಿಗೆ ಇಳಿಸಿದಳು. ನೀರು ಹೊಟ್ಟೆಗೆ ಬಂತು. ತಿಂಗಳುಗಳ ನಂತರ ಮೊದಲ ಸಲ ಸಾಸಿವೆಗೆ ತನ್ನ ಭಾರ ತಿಳಿಯಲಿಲ್ಲ. ಬಲಗಾಲು ಮರಳಿಗೆ ತಾಗಿತು. ಅವಳು ಅತ್ತಳು. ಸುಖಕ್ಕೆ ಅತ್ತಳೆಂದು ಅಜ್ಜಿ ತಿಳಿದಳೋ ಏನೋ. ಸಾಸಿವೆ ಅತ್ತದ್ದು, ಇದು ಇಷ್ಟು ಹತ್ತಿರದಲ್ಲೇ ಇತ್ತಲ್ಲ ಎಂದು.

ಆಮೇಲೆ ದಿನವೂ ಅದೇ. ಬೆಳಿಗ್ಗೆ ನೀರು. ಐದು ಹೆಜ್ಜೆ, ಬೀಳುವುದು, ಏಳುವುದು. ಒಂದು ಸಣ್ಣ ಮೀನು, ಅಷ್ಟೇ ಊಟ. ಹಸಿವಿನಲ್ಲಿ ಜೇನು ನೆನಪಾಗುತ್ತಿತ್ತು. ಜೇನು ನೆನಪಾದರೆ ಬಯಲು ನೆನಪಾಗುತ್ತಿತ್ತು. ಕೆಲವು ದಿನ ಅವಳು ನೀರಿಗೆ ಇಳಿಯುವುದೇ ಇಲ್ಲ ಎಂದು ಮರಳಿನಲ್ಲಿ ಮಲಗಿಬಿಡುತ್ತಿದ್ದಳು. ಅಜ್ಜಿ ಬೈಯುತ್ತಿರಲಿಲ್ಲ, ರಮಿಸುತ್ತಲೂ ಇರಲಿಲ್ಲ. ನೀರಿನಲ್ಲಿ ನಿಂತು ಕಾಯುತ್ತಿದ್ದಳು. ಕೊನೆಗೆ ಸಾಸಿವೆಯೇ ಎದ್ದು ಹೋಗುತ್ತಿದ್ದಳು. ಬೇಸಿಗೆ ಬರುವಷ್ಟರಲ್ಲಿ ಬಲಗಾಲು ಭಾರ ಹೊರತೊಡಗಿತು. ಎಡಗಾಲು ಹೊಟ್ಟೆಯ ಕೆಳಗೆ ಮಡಿಚಿಕೊಂಡೇ ಉಳಿಯಿತು. ಮೂರು ಕಾಲಿನಲ್ಲಿ ಇಪ್ಪತ್ತು ಹೆಜ್ಜೆ ನಡೆದು ಅವಳು ಕೂರಬೇಕಾಗುತ್ತಿತ್ತು. ಅಷ್ಟೇ ಅವಳಿಗೆ ಸಿಕ್ಕಿದ್ದು.

ಒಂದು ದಿನ ಕರಿಯಕ್ಕ ಮೂರು ಮರಿಗಳ ಜೊತೆ ನೀರು ಕುಡಿಯಲು ಬಂದಳು. ಸಾಸಿವೆಯನ್ನು ನೋಡಿ ನಿಂತಳು. ಮರಿಗಳು ನೀರಿಗೆ ಬಾಯಿ ಹಾಕಿದವು.

ಸಾಸಿವೆ ಎಷ್ಟೋ ದಿನದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತನ್ನು ಹೇಳಿದಳು. "ಕರಿಯಕ್ಕ, ಅವತ್ತು ನಾನು ಬೊಗಳಿದ್ದೆ."

"ಕೇಳಿಸಿತ್ತು" ಎಂದಳು ಕರಿಯಕ್ಕ. "ಬೇರೆ ಥರ ಇತ್ತು ದನಿ. ಅದೂ ಗೊತ್ತಾಗಿತ್ತು. ಆದರೂ ಗೆಡ್ಡೆ ಅಗೀತಾ ನಿಂತಿದ್ದೆ. ಈಗ ಎದ್ದು ಓಡಬೇಕಾ ಅಂತ ಬೇಜಾರಾಗಿತ್ತು."

ಸಾಸಿವೆ ತಲೆ ತಗ್ಗಿಸಿದಳು. "ನನ್ನ ದನಿಗೆ ಕಿವಿಗೊಡಬೇಡಿ ಅಂತ ಅವನು ನಿಮಗೆ ಹೇಳಿದಾಗ ನಾನು ಒಳಗಿಂದ ಕೇಳಿಸಿಕೊಳ್ತಿದ್ದೆ ಅಕ್ಕ. ಸುಳ್ಳು ಅಂತ ಒಂದು ಮಾತು ಕೂಗಬಹುದಿತ್ತು. ಕೂಗಲಿಲ್ಲ. ನನಗೆ ಊಟ ತಪ್ಪಿಹೋಗುತ್ತೆ ಅಂತ ಕೂಗಲಿಲ್ಲ."

ಕರಿಯಕ್ಕ ಪರವಾಗಿಲ್ಲ ಎನ್ನಲಿಲ್ಲ. ಬೈಯಲೂ ಇಲ್ಲ. ಅವಳ ಬಾಯಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮರಿಗಳು ಕುಡಿದು ಮುಗಿಸಿದವು. ಅವಳು ಅವುಗಳನ್ನು ಒಂದೊಂದಾಗಿ ಮೂತಿಯಿಂದ ಮುಟ್ಟಿ ನೋಡಿದಳು. ಮೂರನೆಯದನ್ನು ಮುಟ್ಟಿದ ಮೇಲೂ ಮೂತಿ ಸ್ವಲ್ಪ ಹೊತ್ತು ಮುಂದಕ್ಕೆ ಚಾಚಿಯೇ ಇತ್ತು. ಆಮೇಲೆ ತಿರುಗಿ ಮೆಳೆಯೊಳಗೆ ಹೋದಳು.

ಸಾಸಿವೆ ಅವರು ಹೋದ ದಾರಿಯನ್ನು ನೋಡುತ್ತಾ ನಿಂತಳು. ನಿಂತು ನಿಂತು ಬಲಗಾಲು ನಡುಗತೊಡಗಿತು.

"ಇವತ್ತಿನದು ಇನ್ನೂ ಮುಗಿದಿಲ್ಲ" ಎಂದಳು ನೀರಿನಿಂದ ಅಜ್ಜಿ.

ಸಾಸಿವೆ ಮೂರು ಕಾಲಿನಲ್ಲಿ ನೀರಿಗೆ ಇಳಿದಳು.

ನೀತಿ: ನಮ್ಮ ನೋವಿನಿಂದ ಹೊಟ್ಟೆ ಹೊರೆಯುವವನು ಆ ನೋವು ವಾಸಿಯಾಗಲು ಬಿಡುವುದಿಲ್ಲ. ಅದು ತಿಳಿದ ಮೇಲೂ ಭಯಕ್ಕೆ ಸುಮ್ಮನಿದ್ದರೆ, ಅದರ ನಷ್ಟ ನಮಗೊಬ್ಬರಿಗೇ ಆಗುವುದಿಲ್ಲ. ಮೈಯ ಕೊರತೆಯನ್ನು ಮುಚ್ಚಿಡದೆ, ನಿಜ ಹೇಳುವವರ ಮಾತು ಕೇಳಿ, ಕಷ್ಟವಾದರೂ ನಮ್ಮ ಹೆಜ್ಜೆಯನ್ನು ಹೊತ್ತು ಮೀರುವ ಮೊದಲೇ ಇಡಬೇಕು.